ಸಿಕ್ಕಿಕೊಂಡ ಸೈಕಲ್ ಸೀಟನ್ನು ಬಿಡಿಸುವುದು ಹೇಗೆ?



ಸೈಕಲ್ ಪಂಕ್ಚರ್ ಆದರೆ ಕೂಡಲೇ ಗೊತ್ತಾಗುತ್ತದೆ. ಚೈನ್ ಬಿದ್ದರೂ ಗೊತ್ತಾಗುತ್ತದೆ. ಆದರೆ ಒಂದು ಕಾಯಿಲೆ ಮಾತ್ರ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಸೈಕಲ್ ಚೆನ್ನಾಗಿಯೇ ಓಡುತ್ತಿರುತ್ತದೆ. ಒಂದು ದಿನ ಸೀಟನ್ನು ಏರಿಸಬೇಕು ಅಥವಾ ಇಳಿಸಬೇಕು ಅಂತ ಸ್ಪ್ಯಾನರ್ ಹಿಡಿದು ಹೋದಾಗಲೇ ತಿಳಿಯುವುದು, ಅದು ಫ್ರೇಮಿನೊಳಗೆ ಅಂಟಿಕೊಂಡು ಕೂತಿದೆ, ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ ಅಂತ. ಅದನ್ನು ಫ್ರೇಮ್ ಹಾಳಾಗದ ಹಾಗೆ ಬಿಡಿಸುವುದು ಹೇಗೆ ಎಂದು ಈ ಲೇಖನದಲ್ಲಿ ಬರೆದಿದ್ದೇನೆ.

ಮೊದಲು ಹೆಸರು ತಿಳಿದುಕೊಳ್ಳೋಣ. ಸೀಟಿನ ಕೆಳಗೆ ಒಂದು ಗಿಡ್ಡ ಪೈಪು ಇರುತ್ತದಲ್ಲ, ಅದಕ್ಕೆ ಸೀಟ್ ಪಿಲ್ಲರ್ ಎನ್ನುತ್ತಾರೆ. ಅದು ಫ್ರೇಮಿನ ನಿಂತ ಪೈಪಿನ ಒಳಗೆ ಇಳಿದಿರುತ್ತದೆ. ಫ್ರೇಮಿನ ಪೈಪಿಗೆ ಮೇಲ್ಗಡೆ ಹಿಂದೆ ಒಂದು ಸೀಳು ಇರುತ್ತದೆ. ಆ ಸೀಳಿನ ಹತ್ತಿರ ಒಂದು ಬೋಲ್ಟು ಹಾಕಿರುತ್ತಾರೆ. ಬೋಲ್ಟು ಬಿಗಿ ಮಾಡಿದರೆ ಸೀಳು ಕೂಡಿಕೊಂಡು ಪಿಲ್ಲರನ್ನು ಹಿಡಿಯುತ್ತದೆ. ಸಡಿಲ ಮಾಡಿದರೆ ಬಿಡುತ್ತದೆ. ಬಿಡಬೇಕು. ಬಿಡದೇ ಇದ್ದರೆ ಅದಕ್ಕೇ ಸಿಕ್ಕಿಕೊಂಡಿದೆ ಎನ್ನುವುದು.

ಸೀಟು ಏರಿ ಇಳಿಯುವುದು ಯಾಕೆ ಬೇಕು?

ಈಗಿನ ಸೈಕಲ್ ಬರುವ ಮೊದಲು ಇಂಗ್ಲೆಂಡಿನಲ್ಲಿ ಮುಂದಿನ ಚಕ್ರ ಆಳೆತ್ತರ, ಹಿಂದಿನ ಚಕ್ರ ಪುಟ್ಟದು ಇರುವ ಸೈಕಲ್ ಇತ್ತು. ಅದಕ್ಕೆ ಚೈನ್ ಇರಲಿಲ್ಲ. ಪೆಡಲ್ ಮುಂದಿನ ಚಕ್ರಕ್ಕೇ ಇರುತ್ತಿತ್ತು. ಆದ್ದರಿಂದ ಕಾಲು ಉದ್ದ ಇದ್ದವರು ದೊಡ್ಡ ಚಕ್ರದ್ದು, ಕಾಲು ಗಿಡ್ಡ ಇದ್ದವರು ಸಣ್ಣ ಚಕ್ರದ್ದು ಕೊಳ್ಳಬೇಕಿತ್ತು. ಒಬ್ಬರ ಸೈಕಲ್ ಇನ್ನೊಬ್ಬರಿಗೆ ಸರಿ ಆಗುತ್ತಿರಲಿಲ್ಲ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲೀ ಎಂಬವರು ಕವೆಂಟ್ರಿ ಎಂಬ ಊರಿನಲ್ಲಿ ರೋವರ್ ಎಂಬ ಸೈಕಲ್ ಮಾಡಿದರು. ಅದರಲ್ಲಿ ಹಿಂದಿನ ಚಕ್ರಕ್ಕೆ ಚೈನ್ ಇತ್ತು. ನಮ್ಮ ಈಗಿನ ಸೈಕಲ್ಲುಗಳೆಲ್ಲ ಅದರದೇ ವಂಶ. ಚಕ್ರ ಎಲ್ಲರಿಗೂ ಒಂದೇ ಅಳತೆ ಇದ್ದರೂ ಸೀಟನ್ನು ಏರಿಸಿ ಇಳಿಸಿದರೆ ಉದ್ದದವರಿಗೂ ಗಿಡ್ಡದವರಿಗೂ ಆಗುತ್ತದೆ.

ಇದು ನಮ್ಮಂಥ ಮನೆಗಳಿಗೆ ಎಷ್ಟು ದೊಡ್ಡ ವಿಷಯ ನೋಡಿ. ನಮ್ಮಲ್ಲಿ ಯಾರೂ ವರ್ಷಕ್ಕೊಂದು ಸೈಕಲ್ ತರುವುದಿಲ್ಲ. ಅಣ್ಣನದು ಅಕ್ಕನಿಗೆ, ಅಕ್ಕನದು ತಂಗಿಗೆ, ಅಲ್ಲಿಂದ ಚಿಕ್ಕಪ್ಪನ ಮಗನಿಗೆ ಹೋಗುತ್ತದೆ. ನಮ್ಮ ರಾಜ್ಯದಲ್ಲಿ 2006-07ನೇ ಸಾಲಿನಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಶುರುವಾಯಿತು. ಆಮೇಲಿನ ವರ್ಷಗಳಲ್ಲಿ ಹೀಗೆ ಬಂದ ಸೈಕಲ್ಲುಗಳು ನಮ್ಮೂರಿನ ಕೊಟ್ಟಿಗೆ, ಜಗಲಿಗಳಲ್ಲಿ ಇನ್ನೂ ಇವೆ. ಚಕ್ರ, ಚೈನ್, ಬ್ರೇಕ್ ಎಲ್ಲ ಸರಿ ಇರುತ್ತದೆ. ಸೀಟು ಮಾತ್ರ ಯಾರು ಕೊನೆಗೆ ಹೊಡೆದರೋ ಅವರ ಎತ್ತರಕ್ಕೆ ನಿಂತುಬಿಟ್ಟಿರುತ್ತದೆ. ಸೀಟು ಅಲ್ಲಾಡಿದರೆ ಒಂದು ಸೈಕಲ್ ಮೂರು ಜನರಿಗೆ ಆಗುತ್ತದೆ. ಅಲ್ಲಾಡದಿದ್ದರೆ ಒಬ್ಬರಿಗೇ.

ಸೀಟು ತೀರಾ ಕೆಳಗಿದ್ದರೆ ಮೊಣಕಾಲು ಪೂರ್ತಿ ಚಾಚುವುದಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಂಡಿ ನೋವು ಬರುತ್ತದೆ, ಏರು ಹತ್ತಲು ಆಗುವುದಿಲ್ಲ. ತೀರಾ ಮೇಲಿದ್ದರೆ ಪೆಡಲ್ ಸಿಗುವುದಿಲ್ಲ, ನಿಲ್ಲಿಸುವಾಗ ಕಾಲು ನೆಲಕ್ಕೆ ತಾಗುವುದಿಲ್ಲ, ಬೀಳುತ್ತೇವೆ. ಸರಿಯಾದ ಎತ್ತರ ಹೀಗೆ ನೋಡಬೇಕು: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಗೆ ತಂದು, ಅದರ ಮೇಲೆ ಹಿಮ್ಮಡಿ ಇಡಬೇಕು. ಆಗ ಕಾಲು ನೆಟ್ಟಗೆ ಆದರೆ ಎತ್ತರ ಸರಿ ಇದೆ. ಹೊಸದಾಗಿ ಕಲಿಯುವವರು ಮಾತ್ರ ಎರಡೂ ಕಾಲು ನೆಲಕ್ಕೆ ಸಿಗುವ ಹಾಗೆ ಇನ್ನೂ ಸ್ವಲ್ಪ ಇಳಿಸಿಕೊಳ್ಳಬೇಕು.

ಸಿಕ್ಕಿಕೊಳ್ಳುವುದು ಯಾಕೆ?

ಕಾರಣ ತುಕ್ಕು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಈ ಮೂರು ಸೇರಿದರೆ ತುಕ್ಕು ಆಗುತ್ತದೆ ಎಂದು ನಾವು ವಿಜ್ಞಾನ ಪಾಠದಲ್ಲಿ ಓದಿದ್ದೇವೆ. ಆದರೆ ಇನ್ನೊಂದು ವಿಷಯ ಉಂಟು. ತುಕ್ಕಾದ ಕಬ್ಬಿಣ ಮೊದಲಿದ್ದಷ್ಟೇ ಜಾಗದಲ್ಲಿ ಇರುವುದಿಲ್ಲ. ಅದಕ್ಕೆ ಎರಡು ಪಟ್ಟಿಗಿಂತಲೂ ಹೆಚ್ಚು ಜಾಗ ಬೇಕು. ಪಿಲ್ಲರ್ ಮತ್ತು ಫ್ರೇಮಿನ ನಡುವೆ ಇರುವುದು ಕೂದಲೆಳೆಯಷ್ಟು ಸಂದು. ತುಕ್ಕು ಉಬ್ಬಿ ಆ ಸಂದಿಯನ್ನೆಲ್ಲ ತುಂಬಿ ಎರಡನ್ನೂ ಒತ್ತಿ ಹಿಡಿಯುತ್ತದೆ. ಬಾಗಿಲಿನ ಸಂದಿಗೆ ಬೆಣೆ ಹೊಡೆದ ಹಾಗೆ.

ಎಷ್ಟು ಜಾಗದಲ್ಲಿ ಹಿಡಿಯುತ್ತದೆ ಎಂದು ನಾನು ಲೆಕ್ಕ ಮಾಡಿ ನೋಡಿದೆ. ಪಿಲ್ಲರಿನ ದಪ್ಪ ಸುಮಾರು 25 ಮಿಲಿಮೀಟರ್, ಅಂದರೆ ಎರಡೂವರೆ ಸೆಂಟಿಮೀಟರ್. ಅದನ್ನು 3.14ರಿಂದ ಗುಣಿಸಿದರೆ ಸುತ್ತಳತೆ 7.85 ಸೆಂಟಿಮೀಟರ್. ಒಳಗೆ 10 ಸೆಂಟಿಮೀಟರ್ ಇಳಿದಿದೆ ಎಂದು ಇಟ್ಟುಕೊಳ್ಳಿ. 7.85ನ್ನು 10ರಿಂದ ಗುಣಿಸಿದರೆ 78.5 ಚದರ ಸೆಂಟಿಮೀಟರ್. ಅರ್ಧ ಪೋಸ್ಟ್ ಕಾರ್ಡಿಗಿಂತ ದೊಡ್ಡ ಜಾಗ. ಅಷ್ಟೂ ಜಾಗದಲ್ಲಿ ಅಂಟಿಕೊಂಡದ್ದನ್ನು ಸುಮ್ಮನೆ ಎಳೆದರೆ ಬರುತ್ತದಾ? ಬರುವುದಿಲ್ಲ.

ಇಲ್ಲಿ ಕೆಲವರಿಗೆ ಒಂದು ಪ್ರಶ್ನೆ ಬರಬಹುದು. ನಮ್ಮ ಕೊಡಚಾದ್ರಿ 1343 ಮೀಟರ್ ಎತ್ತರ. ಅಲ್ಲಿ ಮೂಲ ಮೂಕಾಂಬಿಕೆ ದೇವಸ್ಥಾನದ ಎದುರು ಒಂದು ಕಬ್ಬಿಣದ ಕಂಬ ಇದೆ. ಮಲೆನಾಡಿನ ಅಷ್ಟೊಂದು ಮಳೆಯಲ್ಲಿ ನೆನೆದರೂ ಅದು ನಿಂತೇ ಇದೆ. ದೆಹಲಿಯ ಮೆಹ್ರೌಲಿಯ ಕಬ್ಬಿಣದ ಕಂಬಕ್ಕಂತೂ ಸುಮಾರು 1600 ವರ್ಷ. ಹಾಗಾದರೆ ಐದಾರು ವರ್ಷದ ಸೀಟ್ ಪಿಲ್ಲರ್ ಯಾಕೆ ತುಕ್ಕು ಹಿಡಿಯುತ್ತದೆ? ನಾನು ಟೀಚರ್ ಹತ್ತಿರ ಕೇಳಿದೆ. ಅವರು ಎರಡು ಕಾರಣ ಹೇಳಿದರು. ಒಂದು, ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕ ಜಾಸ್ತಿ ಇದೆ. ಅದರಿಂದ ಕಂಬದ ಮೈಮೇಲೆ ತೆಳ್ಳಗಿನ ಪದರ ಕಟ್ಟಿ ಒಳಗಿನ ಕಬ್ಬಿಣವನ್ನು ಕಾಪಾಡುತ್ತದೆ. ಸೈಕಲ್ ಕಬ್ಬಿಣದಲ್ಲಿ ಹಾಗಿಲ್ಲ. ಎರಡು, ಬಯಲಲ್ಲಿ ನಿಂತ ಕಂಬ ಮಳೆ ಬಿಟ್ಟ ಮೇಲೆ ಗಾಳಿಗೆ ಒಣಗುತ್ತದೆ. ಪಿಲ್ಲರಿನ ಸಂದಿಗೆ ಹೋದ ನೀರಿಗೆ ಒಣಗಲು ದಾರಿಯೇ ಇಲ್ಲ. ಜೂನ್ ತಿಂಗಳಲ್ಲಿ ಒಳಗೆ ಹೋದ ನೀರು ಅಕ್ಟೋಬರ್ ತನಕ ಅಲ್ಲೇ ಕೂತು ಕೆಲಸ ಮಾಡುತ್ತದೆ.

ಗೆಳತಿಯ ಸೈಕಲ್

ನಾನು ಈ ಕೆಲಸ ಕಲಿತದ್ದು ನನ್ನ ಗೆಳತಿಯ ಸೈಕಲ್ಲಿನಲ್ಲಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು 6 ಕಿಲೋಮೀಟರ್ ದೂರ. ಬೆಳಗ್ಗೆ ಇರುವುದು ಒಂದೇ ಬಸ್ಸು, ಅದೂ ನಮ್ಮ ಕ್ರಾಸಿಗೆ ಬರುವಾಗಲೇ ತುಂಬಿರುತ್ತದೆ. ಗೆಳತಿಯ ಅಣ್ಣನ ಸೈಕಲ್ ಮನೆಯಲ್ಲಿತ್ತು. ಅವಳ ಅಣ್ಣ ತುಂಬಾ ಎತ್ತರ. ಅವರು ಕೆಲಸಕ್ಕೆ ಅಂತ ಶಿವಮೊಗ್ಗಕ್ಕೆ ಹೋದ ಮೇಲೆ ಸೈಕಲ್ ಎರಡು ಮಳೆಗಾಲ ಕೊಟ್ಟಿಗೆಯ ಮಾಡಿನ ಅಂಚಿನಲ್ಲಿ ನಿಂತಿತ್ತು. ಸೀಟು ಅಣ್ಣನ ಎತ್ತರಕ್ಕೇ ಸಿಕ್ಕಿಕೊಂಡಿತ್ತು. ಅವಳು ಕೂತರೆ ಕಾಲು ಪೆಡಲಿಗೆ ಸಿಗುವುದಿಲ್ಲ. ಸೈಕಲ್ ಶಾಪಿಗೆ ತಗೊಂಡು ಹೋದರೆ, ಇದು ಬರುವುದಿಲ್ಲ, ಕತ್ತರಿಸಿ ಹೊಸ ಪಿಲ್ಲರ್ ಹಾಕಬೇಕು, ಫ್ರೇಮಿಗೆ ಪೆಟ್ಟಾದರೆ ನಮ್ಮನ್ನು ಕೇಳಬೇಡಿ ಎಂದರು. ಅವರದ್ದೂ ತಪ್ಪಲ್ಲ. ನಾಲ್ಕು ದಿನ ಒಂದೇ ಸೈಕಲ್ ಇಟ್ಟುಕೊಂಡು ಕೂತರೆ ಅವರಿಗೆ ಪೂರೈಸುವುದಿಲ್ಲ.

ಗೆಳತಿಯ ಮನೆಯಲ್ಲಿ, ಸೈಕಲ್ ಆಗದಿದ್ದರೆ ಈ ವರ್ಷ ಇರಲಿ, ಮುಂದಿನ ವರ್ಷ ನೋಡೋಣ ಎಂದು ಮಾತಾಡುತ್ತಿದ್ದರಂತೆ. ಒಂದು ವರ್ಷ ಅಂತ ಶಾಲೆ ಬಿಟ್ಟು ಮನೆಯಲ್ಲಿ ಕೂತ ಹುಡುಗಿಯರು ತಿರುಗಿ ಶಾಲೆಗೆ ಹೋದದ್ದನ್ನು ನಮ್ಮ ಓಣಿಯಲ್ಲಿ ನಾನು ನೋಡಿಲ್ಲ. ಹಾಗಾಗಿ ನಾವು ನಾಲ್ಕು ದಿನ ಖರ್ಚು ಮಾಡುವುದು ಅಂತ ತೀರ್ಮಾನ ಮಾಡಿದೆವು. ನಮ್ಮ ಅಪ್ಪ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಸಾಮಾನು ಅವರದ್ದು, ಯಾವುದರ ನಂತರ ಯಾವುದು ಎಂದು ಹೇಳಿದ್ದೂ ಅವರೇ, ಕೈ ಮಾತ್ರ ನಮ್ಮದು.

ಬೇಕಾಗುವ ಸಾಮಾನುಗಳು

ಸರಿಯಾದ ಅಳತೆಯ ಸ್ಪ್ಯಾನರ್, ಸ್ಕ್ರೂಡ್ರೈವರ್, ಉಜ್ಜುಕಾಗದ, ಹಳೆಯ ಹಲ್ಲುಜ್ಜುವ ಬ್ರಶ್, ಹಳೆ ಬಟ್ಟೆ, ಮರದ ಕೊಡತಿ, ಒಂದು ಮರದ ತುಂಡು, ಸೀಮೆಎಣ್ಣೆ ಅಥವಾ ಡೀಸೆಲ್ ಒಂದು ಸಣ್ಣ ಶೀಸೆ, ಗ್ರೀಸ್, ಸೀಮೆಸುಣ್ಣದ ತುಂಡು, ಪೈಪ್ ರೆಂಚ್. ಪೈಪ್ ರೆಂಚ್ ಎಲ್ಲರ ಮನೆಯಲ್ಲಿ ಇರುವುದಿಲ್ಲ. ನಲ್ಲಿ ಕೆಲಸದವರ ಹತ್ತಿರ, ಪಂಪಿನವರ ಹತ್ತಿರ ಕೇಳಿದರೆ ಒಂದು ದಿನಕ್ಕೆ ಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ ಪಕ್ಕದಲ್ಲಿ ಒಬ್ಬರು ದೊಡ್ಡವರು ಇರಬೇಕು.

ತೆಂಗಿನೆಣ್ಣೆ ಆಗುವುದಿಲ್ಲವಾ ಎಂದು ನಾನೂ ಕೇಳಿದ್ದೆ. ಆಗುವುದಿಲ್ಲ. ಅದು ದಪ್ಪ, ಕೂದಲೆಳೆಯಷ್ಟು ಸಂದಿಯಲ್ಲಿ ಬೇಗ ಇಳಿಯುವುದಿಲ್ಲ. ಸುಮಾರು 24 ಡಿಗ್ರಿಗಿಂತ ತಂಪಾದರೆ ಗಟ್ಟಿಯೇ ಆಗಿಬಿಡುತ್ತದೆ. ಸೀಮೆಎಣ್ಣೆ, ಡೀಸೆಲ್ ತೆಳ್ಳಗೆ ಇರುವುದರಿಂದ ಸಂದಿಯೊಳಗೆ ತಾವಾಗಿಯೇ ಹರಿದು ಹೋಗುತ್ತವೆ. ಲಾಟೀನಿನ ಬತ್ತಿಯಲ್ಲಿ ಎಣ್ಣೆ ಏರುತ್ತದಲ್ಲ, ಅದೇ ಗುಣ.

ಮಾಡುವ ವಿಧಾನ

1. ಮೊದಲು ಸರಿಯಾದ ಬೋಲ್ಟನ್ನು ಗುರುತಿಸಿ. ಸೀಟಿನ ಹತ್ತಿರ ಎರಡು ಕಡೆ ಬೋಲ್ಟು ಇರುತ್ತದೆ. ಸೀಟಿಗೆ ಅಂಟಿಕೊಂಡ ಹಾಗೆ ಮೇಲೆ ಇರುವುದು ಸೀಟು ಮುಂದೆ ಹಿಂದೆ ವಾಲದಂತೆ ಹಿಡಿಯುವುದಕ್ಕೆ. ಫ್ರೇಮಿನ ಸೀಳಿನ ಹತ್ತಿರ ಕೆಳಗೆ ಇರುವುದು ಪಿಲ್ಲರನ್ನು ಹಿಡಿಯುವುದಕ್ಕೆ. ನಮಗೆ ಬೇಕಾದ್ದು ಕೆಳಗಿನದು. ಅದನ್ನು ಬರೀ ಸಡಿಲ ಮಾಡಿದರೆ ಸಾಲದು, ಪೂರ್ತಿ ಬಿಚ್ಚಿ ತೆಗೆದು ಡಬ್ಬಿಯಲ್ಲಿ ಹಾಕಿಡಿ. ಸ್ಕ್ರೂಡ್ರೈವರ್ ತುದಿಯನ್ನು ಸೀಳಿಗೆ ಹಾಕಿ ಒಂಚೂರು ಅಗಲಿಸಿ. ಜಾಸ್ತಿ ಅಗಲಿಸಿದರೆ ಪೈಪು ಬಿರುಕು ಬಿಡುತ್ತದೆ.

2. ಬ್ರಶ್ಶಿನಿಂದ ಸೀಳಿನ ಮಣ್ಣು, ಸಗಣಿ, ಹಳೆ ಗ್ರೀಸ್ ಎಲ್ಲ ತೆಗೆಯಿರಿ. ಹೊರಗೆ ಕಾಣುವ ಪಿಲ್ಲರನ್ನು ಉಜ್ಜುಕಾಗದದಿಂದ ಉಜ್ಜಿ ಹೊಳೆಯುವ ಹಾಗೆ ಮಾಡಿ. ಹೊರಗಿನ ತುಕ್ಕು ಹಾಗೇ ಇದ್ದರೆ ಕೆಳಗೆ ಇಳಿಸುವಾಗ ಅದೇ ಮತ್ತೆ ಸಿಕ್ಕಿಕೊಳ್ಳುತ್ತದೆ.

3. ಪಿಲ್ಲರ್ ಮತ್ತು ಫ್ರೇಮ್ ಎರಡಕ್ಕೂ ಸೇರುವ ಹಾಗೆ ಸೀಮೆಸುಣ್ಣದಿಂದ ಮೇಲಿಂದ ಕೆಳಗೆ ಒಂದು ಗೆರೆ ಹಾಕಿ. ಪಿಲ್ಲರ್ ಒಂದು ಸಾಸಿವೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಗೆರೆ ಇಲ್ಲದಿದ್ದರೆ ನಿಜವಾಗಿ ತಿರುಗಿತೋ, ನಮಗೆ ಹಾಗೆ ಅನ್ನಿಸಿತೋ ತಿಳಿಯುವುದೇ ಇಲ್ಲ. ಎಣ್ಣೆ ತಾಗಿ ಗೆರೆ ಅಳಿಸಿದರೆ ಒರೆಸಿ ಮತ್ತೆ ಹಾಕಿ.

4. ಈಗ ಎಣ್ಣೆ. ಚಕ್ರದ ಮೇಲೆ, ಬ್ರೇಕ್ ರಬ್ಬರಿನ ಮೇಲೆ ಮೊದಲು ಬಟ್ಟೆ ಮುಚ್ಚಿ. ಅಲ್ಲಿ ಎಣ್ಣೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ಇಳಿಜಾರಿನಲ್ಲಿ ಪ್ರಾಣಕ್ಕೇ ಅಪಾಯ. ಆಮೇಲೆ ಸೀಳಿನಲ್ಲಿ ಮತ್ತು ಪಿಲ್ಲರಿನ ಸುತ್ತ ಹನಿ ಹನಿಯಾಗಿ ಬಿಡಿ. ಮರದ ಕೊಡತಿಯಿಂದ ಫ್ರೇಮಿನ ಪೈಪಿನ ಸುತ್ತಲೂ ಮೆಲ್ಲಗೆ ತಟ್ಟಿ. ತಟ್ಟುವುದರಿಂದ ತುಕ್ಕಿನಲ್ಲಿ ಸಣ್ಣ ಬಿರುಕು ಬಂದು ಎಣ್ಣೆಗೆ ದಾರಿ ಸಿಗುತ್ತದೆ. ರಾತ್ರಿ ಹಾಗೆಯೇ ಬಿಡಿ. ಬೆಳಗ್ಗೆ, ಸಂಜೆ ಹೀಗೆ ಮೂರು ದಿನ ಮಾಡಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಗಾದೆಯೇ ಇದೆ. ಈ ಕೆಲಸದಲ್ಲಿ ಫ್ರೇಮ್ ಮುರಿದುಕೊಳ್ಳುವವರು ಹೆಚ್ಚಾಗಿ ಮೊದಲನೇ ದಿನವೇ ಜೋರು ಮಾಡುವವರು.

5. ಮೂರು ದಿನ ಆದ ಮೇಲೆ ಸೀಟನ್ನು ಬಿಚ್ಚಿ ತೆಗೆಯಿರಿ. ಪಿಲ್ಲರಿನ ತಲೆ ಮೇಲೆ ಮರದ ತುಂಡು ಇಟ್ಟು ಕೊಡತಿಯಿಂದ ನೇರವಾಗಿ ಕೆಳಕ್ಕೆ ನಾಲ್ಕೈದು ಪೆಟ್ಟು ಹಾಕಿ. ಮೇಲೆ ತೆಗೆಯಬೇಕಾದ್ದನ್ನು ಕೆಳಗೆ ಯಾಕೆ ಹೊಡೆಯಬೇಕು ಎಂದು ನಗಬೇಡಿ. ಅಂಟು ಬಿಟ್ಟರೆ ಸಾಕು, ಯಾವ ದಿಕ್ಕಿಗೆ ಬಿಟ್ಟರೂ ಒಂದೇ. ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ಪಿಲ್ಲರಿನ ತಲೆ ಅಣಬೆಯ ಹಾಗೆ ಅರಳುತ್ತದೆ, ಆಮೇಲೆ ಸೀಟು ಕೂರುವುದಿಲ್ಲ.

6. ಈಗ ತಿರುಗಿಸುವುದು. ಇದೇ ಎಲ್ಲಕ್ಕಿಂತ ದೊಡ್ಡ ಗುಟ್ಟು. ಎಳೆಯಬಾರದು, ತಿರುಗಿಸಬೇಕು. ದನ ಕಟ್ಟುವ ಗೂಟವನ್ನು ನೆಲದಿಂದ ಕೀಳುವಾಗ ಯಾರಾದರೂ ನೇರವಾಗಿ ಎಳೆಯುತ್ತಾರಾ? ಆ ಕಡೆ ಈ ಕಡೆ ತಿರುಗಿಸಿ ತಿರುಗಿಸಿ ಸಡಿಲ ಮಾಡಿಕೊಂಡು ಆಮೇಲೆ ಎತ್ತುತ್ತಾರೆ. ಪಿಲ್ಲರೂ ಒಂದು ಗೂಟವೇ.

ತಿರುಗಿಸಲು ಮೊದಲು ಸೀಟನ್ನೇ ಹಿಡಿಕೆ ಮಾಡಿ ನೋಡಬಹುದು. ಅದನ್ನು ಮತ್ತೆ ಬಿಗಿಯಾಗಿ ಕೂರಿಸಿ ಮೂತಿ ಹಿಡಿದು ತಿರುಗಿಸಬೇಕು. ಸೀಟಿನ ಕ್ಲಾಂಪ್ ಜಾರಿದರೆ ಅದನ್ನು ತೆಗೆದು ಪೈಪ್ ರೆಂಚ್ ಹಾಕಿ. ಸನ್ನೆಯ ಪಾಠ ನೆನಪಿದೆಯಾ? ಸೀಟಿನ ಮೂತಿ ಪಿಲ್ಲರಿನಿಂದ 15 ಸೆಂಟಿಮೀಟರ್ ದೂರ ಎಂದು ಇಟ್ಟುಕೊಳ್ಳಿ. 18 ಅಂಗುಲದ ಪೈಪ್ ರೆಂಚಿನ ಹಿಡಿಕೆ ಸುಮಾರು 45 ಸೆಂಟಿಮೀಟರ್. ದೂರ ಮೂರು ಪಟ್ಟು ಆದ್ದರಿಂದ, ಅದೇ ಕೈಬಲಕ್ಕೆ ತಿರುಗಿಸುವ ಶಕ್ತಿಯೂ ಮೂರು ಪಟ್ಟು ಆಗುತ್ತದೆ. ರೆಂಚಿನ ಹಲ್ಲು ಪಿಲ್ಲರಿಗೆ ಗಾಯ ಮಾಡುತ್ತದೆ. ಆದ್ದರಿಂದ ತೀರಾ ಮೇಲಿನ ತುದಿಯಲ್ಲೇ ಕಚ್ಚಿಸಿ, ಆಮೇಲೆ ಅರದಿಂದ ಉಜ್ಜಿ ನುಣ್ಣಗೆ ಮಾಡಿ.

ಸೈಕಲ್ಲನ್ನು ಗೋಣಿಚೀಲದ ಮೇಲೆ ಮಲಗಿಸಿ, ಇಬ್ಬರು ಫ್ರೇಮನ್ನು ಭದ್ರವಾಗಿ ಹಿಡಿಯಬೇಕು. ಚಕ್ರ ಹಿಡಿಯಬಾರದು, ಅದರ ಮೇಲೆ ನಿಲ್ಲಲೂ ಬಾರದು, ಚಕ್ರ ಸೊಟ್ಟ ಆಗುತ್ತದೆ. ಮೂರನೆಯವರು ರೆಂಚನ್ನು ಒಂದು ಕಡೆಗೆ ಒತ್ತಿ, ಬಿಟ್ಟು, ರೆಂಚ್ ತಿರುವಿ ಹಾಕಿಕೊಂಡು ಇನ್ನೊಂದು ಕಡೆಗೆ ಒತ್ತಬೇಕು. ಜಗ್ಗದಿದ್ದರೆ ಮತ್ತೆ ಎಣ್ಣೆ ಬಿಟ್ಟು ಮಾರನೇ ದಿನಕ್ಕೆ ಇಡಬೇಕು.

ಗೆಳತಿಯ ಸೈಕಲ್ಲಿನಲ್ಲಿ ಬುಧವಾರ ಎಣ್ಣೆ ಬಿಟ್ಟದ್ದು. ಶುಕ್ರವಾರ ಸಂಜೆ ಸೀಟು ಹಿಡಿದು ತಿರುಗಿಸಿದಾಗ ಎಂತದೂ ಆಗಲಿಲ್ಲ. ಅವಳ ತಮ್ಮ, ಬಿಡಿ ಮಾರಾಯ್ರೆ, ಇದು ಹುಟ್ಟುವಾಗಲೇ ಹೀಗೆ ಹುಟ್ಟಿದ್ದು ಎಂದ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ರೆಂಚ್ ಹಾಕಿದೆವು. ಏಳೆಂಟು ಸಲ ಆ ಕಡೆ ಈ ಕಡೆ ಒತ್ತಿದ ಮೇಲೆ ಕಿರ್ರ್ ಅಂತ ಒಂದು ಶಬ್ದ ಬಂತು. ಏನೋ ಮುರಿಯಿತು ಅಂತ ಎಲ್ಲರೂ ಕೈ ಬಿಟ್ಟೆವು. ಬಗ್ಗಿ ನೋಡಿದರೆ ಸೀಮೆಸುಣ್ಣದ ಗೆರೆ ಒಂದು ಅಕ್ಕಿ ಕಾಳಿನಷ್ಟು ತುಂಡಾಗಿತ್ತು.

7. ಒಮ್ಮೆ ತಿರುಗಿತು ಅಂತ ಕೂಡಲೇ ಎಳೆಯಬೇಡಿ. ಒಳಗೆ ತುಕ್ಕಿನ ಪುಡಿ ಇರುತ್ತದೆ. ಎಳೆದರೆ ಅದು ಒಟ್ಟಾಗಿ ಮತ್ತೆ ಬಿಗಿಯಾಗುತ್ತದೆ. ಎರಡು ಹನಿ ಎಣ್ಣೆ, ನಾಲ್ಕು ಸಲ ತಿರುಗಿಸುವುದು, ಮತ್ತೆ ಎಣ್ಣೆ. ಪೂರ್ತಿ ಸುತ್ತು ತಿರುಗಲು ಶುರುವಾದ ಮೇಲೆ ತಿರುಗಿಸುತ್ತಲೇ ಮೇಲೆ ಎತ್ತಬೇಕು. ನಮಗೆ ಇದಕ್ಕೇ ಅರ್ಧ ಗಂಟೆ ಹಿಡಿಯಿತು. ಹೊರಗೆ ಬಂದಾಗ ಪಿಲ್ಲರಿನ ಮೈಯೆಲ್ಲ ಕಾಫಿ ಪುಡಿ ಮೆತ್ತಿದ ಹಾಗೆ ಕಂದು ಪುಡಿ ಇತ್ತು. ನಮ್ಮ ಕೈಗಳೂ ಹಾಗೆಯೇ ಆಗಿದ್ದವು.

ಪಿಲ್ಲರ್ ಅಲ್ಯೂಮಿನಿಯಂ ಆಗಿದ್ದರೆ

ಪೇಟೆಯಿಂದ ತಂದ ಕೆಲವು ಗೇರ್ ಸೈಕಲ್ಲುಗಳಲ್ಲಿ ಪಿಲ್ಲರ್ ಅಲ್ಯೂಮಿನಿಯಂದು, ಫ್ರೇಮ್ ಕಬ್ಬಿಣದ್ದು ಇರುತ್ತದೆ. ಹೊಳಪು ನೋಡಿ ಹೇಳಲು ಆಗುವುದಿಲ್ಲ. ಅಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕಬ್ಬಿಣ, ಅಂಟದಿದ್ದರೆ ಅಲ್ಯೂಮಿನಿಯಂ. ಹಾಳಾದ ರೇಡಿಯೋದ ಸ್ಪೀಕರಿನಲ್ಲಿ ಅಯಸ್ಕಾಂತ ಸಿಗುತ್ತದೆ.

ಇಟಲಿಯ ವೋಲ್ಟಾ ಎಂಬ ವಿಜ್ಞಾನಿ 1800ರಲ್ಲಿ ಎರಡು ಬೇರೆ ಬೇರೆ ಲೋಹದ ಬಿಲ್ಲೆಗಳ ನಡುವೆ ಉಪ್ಪು ನೀರಿನಲ್ಲಿ ನೆನೆಸಿದ ತುಂಡುಗಳನ್ನು ಇಟ್ಟು ಮೊದಲ ಬ್ಯಾಟರಿ ಮಾಡಿದರು. ಸೀಟಿನ ಕೆಳಗೂ ಅದೇ ಆಗುತ್ತದೆ. ಎರಡು ಲೋಹ, ನಡುವೆ ಮಳೆನೀರು, ಅದರಲ್ಲಿ ನಮ್ಮ ಬೆವರಿನ ಉಪ್ಪು. ಈ ಪುಟ್ಟ ಬ್ಯಾಟರಿಯಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಳಿ ಪುಡಿಯಾಗಿ ಉಬ್ಬಿ ಅದು ತುಕ್ಕಿಗಿಂತ ಗಟ್ಟಿಯಾಗಿ ಹಿಡಿಯುತ್ತದೆ. ವಿಧಾನ ಮೇಲೆ ಹೇಳಿದ್ದೇ, ಆದರೆ ದಿನ ಜಾಸ್ತಿ ಬೇಕು.

ಬಿಸಿ ಮಾಡುವ ವಿಷಯದಲ್ಲಿ ಮಾತ್ರ ವ್ಯತ್ಯಾಸ ಇದೆ. 25 ಮಿಲಿಮೀಟರ್ ದಪ್ಪದ ಕಬ್ಬಿಣ 100 ಡಿಗ್ರಿ ಬಿಸಿ ಏರಿದರೆ ಸುಮಾರು 0.03 ಮಿಲಿಮೀಟರ್ ಹಿಗ್ಗುತ್ತದೆ. ಅಷ್ಟೇ ದಪ್ಪದ ಅಲ್ಯೂಮಿನಿಯಂ ಸುಮಾರು 0.06 ಮಿಲಿಮೀಟರ್ ಹಿಗ್ಗುತ್ತದೆ. ಪಿಲ್ಲರ್, ಫ್ರೇಮ್ ಎರಡೂ ಕಬ್ಬಿಣವಾದರೆ ಫ್ರೇಮಿನ ಹೊರಗೆ ಕುದಿಯುವ ನೀರು ಹೊಯ್ದಾಗ ಹೊರಗಿನ ಪೈಪು ಮೊದಲು ಹಿಗ್ಗಿ ಸ್ವಲ್ಪ ಸಡಿಲ ಕೊಡುತ್ತದೆ. ಪಿಲ್ಲರ್ ಅಲ್ಯೂಮಿನಿಯಂ ಆದರೆ, ಎರಡೂ ಬಿಸಿಯಾದಾಗ ಅದೇ ಹೆಚ್ಚು ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ಅದಕ್ಕೆ ತಂಪು ಮಾಡಬೇಕು. ಪಿಲ್ಲರ್ ಟೊಳ್ಳಾಗಿ ಮೇಲೆ ಬಾಯಿ ಇದ್ದರೆ ಅದರೊಳಗೆ ಐಸ್ ಚೂರು ತುಂಬಬಹುದು.

ಎಚ್ಚರಿಕೆ: ಕುದಿಯುವ ನೀರನ್ನು ದೊಡ್ಡವರೇ ಹೊಯ್ಯಬೇಕು. ಎಣ್ಣೆ ಬಿಟ್ಟ ಸೈಕಲ್ಲಿನ ಹತ್ತಿರ ಬೆಂಕಿ, ಬೆಂಕಿಕಡ್ಡಿ, ದೀಪ ಯಾವುದೂ ಬೇಡವೇ ಬೇಡ. ಅಲ್ಯೂಮಿನಿಯಂ ಪುಡಿ ಕರಗಿಸಲು ಕಾಸ್ಟಿಕ್ ಸೋಡಾ ಹಾಕಿ ಎಂದು ಕೆಲವರು ಹೇಳುತ್ತಾರೆ. ಮಕ್ಕಳು ಅದನ್ನು ಮುಟ್ಟಲೇಬಾರದು. ಕೈ ಸುಡುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು. ಅದು ಅಲ್ಯೂಮಿನಿಯಂ ಜೊತೆ ಸೇರಿದಾಗ ಬರುವ ಜಲಜನಕ ಅನಿಲಕ್ಕೆ ಬೆಂಕಿಯೂ ಹಿಡಿಯುತ್ತದೆ.

ಕೊನೆಯ ದಾರಿ

ಒಂದು ವಾರ ಮಾಡಿದರೂ ಬರಲಿಲ್ಲ ಎಂದರೆ ಶಾಪಿನವರು ಹೇಳುವ ಹಾಗೆ ಕತ್ತರಿಸಬೇಕು. ಪಿಲ್ಲರನ್ನು ಫ್ರೇಮಿನ ಸ್ವಲ್ಪ ಮೇಲೆ ಕತ್ತರಿಸಿ, ಗರಗಸದ ಬ್ಲೇಡನ್ನು ಒಳಗೆ ಇಳಿಸಿ, ಪಿಲ್ಲರನ್ನು ಉದ್ದಕ್ಕೆ ಸೀಳುತ್ತಾರೆ. ಸೀಳಿದ ಮೇಲೆ ಒಳಗಡೆಗೆ ಮಡಚಿ ತೆಗೆಯುತ್ತಾರೆ. ಬ್ಲೇಡು ಸ್ವಲ್ಪ ಜಾಸ್ತಿ ಇಳಿದರೂ ಫ್ರೇಮೇ ಕತ್ತರಿಸಿ ಹೋಗುತ್ತದೆ. ಇದು ಅನುಭವ ಇದ್ದವರು ಮಾಡುವ ಕೆಲಸ, ನಮ್ಮದಲ್ಲ. ಆದರೆ ಅಲ್ಲಿಗೆ ಹೋಗುವ ಮೊದಲು ಒಂದು ವಾರ ಎಣ್ಣೆ ಬಿಟ್ಟು ನೋಡಿ. ಎಣ್ಣೆಗೆ ಆಗುವ ಖರ್ಚು ತೀರಾ ಕಡಿಮೆ.

ಮತ್ತೆ ಸಿಕ್ಕಿಕೊಳ್ಳದ ಹಾಗೆ

ಹೊರಗೆ ತೆಗೆದ ಪಿಲ್ಲರನ್ನು ಉಜ್ಜುಕಾಗದದಿಂದ ಉಜ್ಜಿ. ಒಂದು ಕೋಲಿಗೆ ಬಟ್ಟೆ ಸುತ್ತಿ ಫ್ರೇಮಿನ ಒಳಗಡೆಯನ್ನೂ ಒರೆಸಿ. ಎರಡೂ ಚೆನ್ನಾಗಿ ಒಣಗಲಿ. ಆಮೇಲೆ ಪಿಲ್ಲರಿಗೆ ತೆಳ್ಳಗೆ ಗ್ರೀಸ್ ಸವರಿ ಒಳಗೆ ಇಳಿಸಿ. ಗ್ರೀಸ್ ಇದ್ದ ಕಡೆ ನೀರಿಗೆ ಜಾಗ ಇಲ್ಲ. ಕೆಲವು ಪಿಲ್ಲರಿನ ಮೇಲೆ ಒಂದು ಗೆರೆ ಕೊರೆದಿರುತ್ತಾರೆ. ಆ ಗೆರೆ ಹೊರಗೆ ಕಾಣುವಷ್ಟು ಮೇಲೆ ಎತ್ತಬಾರದು. ಗೆರೆ ಇಲ್ಲದಿದ್ದರೆ ಮೂರು ಅಂಗುಲಕ್ಕಿಂತ ಕಡಿಮೆ ಒಳಗೆ ಇರಬಾರದು. ಇಲ್ಲದಿದ್ದರೆ ಓಡುವಾಗ ಪಿಲ್ಲರ್ ಬಗ್ಗುತ್ತದೆ, ಫ್ರೇಮೂ ಒಡೆಯುತ್ತದೆ.

ಹಳೆಯ ಟ್ಯೂಬಿನಿಂದ ಎರಡು ಅಂಗುಲದ ತುಂಡು ಕತ್ತರಿಸಿ, ಸೀಟು ಹಾಕುವ ಮೊದಲೇ ಪಿಲ್ಲರಿಗೆ ತೂರಿಸಿ, ಫ್ರೇಮಿನ ಬಾಯಿ ಮತ್ತು ಸೀಳು ಮುಚ್ಚುವ ಹಾಗೆ ಎಳೆದು ಕೂರಿಸಿ. ಕೊಪ್ಪೆ ಹಾಕಿದ ಹಾಗೆ ಮಳೆನೀರು ಹೊರಗೇ ಜಾರಿ ಹೋಗುತ್ತದೆ.

ವರ್ಷಕ್ಕೆ ಎರಡು ಸಲ ಪಿಲ್ಲರ್ ಹೊರಗೆ ತೆಗೆದು ಗ್ರೀಸ್ ಹಾಕಬೇಕು. ದಿನ ನೆನಪಿಡುವುದು ಸುಲಭ. ಒಂದು, ರೋಹಿಣಿ ಮಳೆ ಶುರುವಾಗುವ ಮೊದಲು, ಬೇಸಿಗೆ ರಜೆ ಮುಗಿಯುವಾಗ. ಇನ್ನೊಂದು, ಆಯುಧಪೂಜೆಯ ದಿನ. ಅವತ್ತು ಹೇಗೂ ಸೈಕಲ್ ತೊಳೆದು, ಕುಂಕುಮ ಇಟ್ಟು, ಹೂ ಹಾಕುತ್ತೇವೆ. ಹೂ ಹಾಕುವ ಮೊದಲು ಸೀಟನ್ನು ಒಂದು ಸಲ ತೆಗೆದು ಹಾಕಿ. ಹತ್ತು ನಿಮಿಷದ ಕೆಲಸ.

ಗೆಳತಿಯ ಸೀಟನ್ನು ನಾವು ಐದು ಅಂಗುಲ ಇಳಿಸಿದೆವು. ಜೂನ್ ತಿಂಗಳಲ್ಲಿ ಅವಳು ಆ ಸೈಕಲ್ಲಿನಲ್ಲೇ ಹೈಸ್ಕೂಲಿಗೆ ಹೋಗುವುದು ಎಂದು ಮನೆಯಲ್ಲಿ ಒಪ್ಪಿದ್ದಾರೆ. ಅವಳು ಎತ್ತರ ಆದ ಹಾಗೆ ಸೀಟನ್ನೂ ಏರಿಸುತ್ತಾ ಹೋಗಬಹುದು. ಅವಳ ತಮ್ಮ ಈಗ ಐದನೇ ತರಗತಿ. ಅವಳದ್ದು ಹೈಸ್ಕೂಲ್ ಮುಗಿದ ಮೇಲೆ ಸೈಕಲ್ ಅವನಿಗೆ ಎಂದು ಈಗಲೇ ಗಲಾಟೆ ಶುರುವಾಗಿದೆ.

ನಿಮ್ಮ ಮನೆಯ ಸೈಕಲ್ಲಿನ ಸೀಟು ಅಲ್ಲಾಡುತ್ತದಾ, ಇವತ್ತೇ ಸಂಜೆ ಹೋಗಿ ನೋಡಿ. ಕೆಳಗಿನ ಬೋಲ್ಟು ಸಡಿಲ ಮಾಡಿ ತಿರುಗಿಸಿದರೆ ಸಾಕು, ಗೊತ್ತಾಗುತ್ತದೆ. ತಿರುಗಿದರೆ ಗ್ರೀಸ್ ಹಾಕಿ. ತಿರುಗದಿದ್ದರೆ ಇವತ್ತೇ ಮೊದಲ ಹನಿ ಎಣ್ಣೆ ಬಿಡಿ. ಪೈಪ್ ರೆಂಚ್ ಬೇಕಾದವರು ನನಗೆ ಹೇಳಿ. ಅಪ್ಪ ಶನಿವಾರ ಮಧ್ಯಾಹ್ನ ಮನೆಯಲ್ಲಿರುತ್ತಾರೆ, ರೆಂಚ್ ಕೊಡಲು ಒಪ್ಪಿದ್ದಾರೆ. ಆದರೆ ಮೂರು ದಿನ ಎಣ್ಣೆ ಬಿಟ್ಟವರಿಗೆ ಮಾತ್ರ.

ಏಳನೇ ತರಗತಿ ವಿದ್ಯಾರ್ಥಿನಿ